ಅಪ್ಪನ ಕಿವಿ

ದುರಂತ ನಾಯಕನ ದೋಷವೆಂದರೇನು, ವಿವರಿಸಿ ಎಂದು ನಾನೇ ಎಷ್ಟೋ ವರ್ಷ ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೇನೆ. ಮಕ್ಕಳು ಪಾಪ, ಚೆನ್ನಾಗಿಯೇ ಬರೆಯುತ್ತಿದ್ದರು. ನಾಯಕ ದೊಡ್ಡ ಮನುಷ್ಯನಾಗಿರಬೇಕು, ಅವನಲ್ಲಿ ಒಂದೇ ಒಂದು ಕುಂದು ಇರಬೇಕು, ಆ ಕುಂದೇ ಅವನನ್ನು ಕೆಡವಬೇಕು. ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತ ಹೋಗುತ್ತಿದ್ದೆ. ನಾಲ್ಕು ಪೇಪರು ತಿದ್ದುವಷ್ಟರಲ್ಲಿ ಮನಸ್ಸು ನಮ್ಮೂರಿನ ಮನೆಯ ಅಟ್ಟ ಹತ್ತಿ ಕೂತುಬಿಡುತ್ತಿತ್ತು. ಈಗ ರಿಟೈರ್ ಆಗಿದ್ದೇನೆ, ತಿದ್ದಲು ಪೇಪರುಗಳಿಲ್ಲ. ಆದರೂ ಮನಸ್ಸಿನ ಆ ಚಾಳಿ ಹೋಗಿಲ್ಲ.

ನನಗೆ ಈ ಪಾಠ ಹೇಳಿಕೊಟ್ಟವರು ತಿಪಟೂರಿನ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗಿನ ಫ್ಯಾಷನ್ನಿನ ಅಗಲ ಪ್ಯಾಂಟು ಹಾಕಿಕೊಂಡು, ನಡೆದರೆ ನೆಲ ಗುಡಿಸಿದಂತೆ ಕಾಣುತ್ತಿದ್ದರು. ಪಾಠ ಮಾತ್ರ ಎಂಥ ಪಾಠ! ಇಂಗ್ಲಿಷಿನಲ್ಲಿ ಶುರು ಮಾಡಿ, ರಂಗೇರಿದ ಕೂಡಲೇ ಕನ್ನಡಕ್ಕೆ ಇಳಿಯುತ್ತಿದ್ದರು.

“ಅವನನ್ನ ಶತ್ರುಗಳು ಕೆಡವಲ್ಲ. ಯಾವುದರಿಂದ ಅವನಿಗೆ ಹೆಸರು ಬಂತೋ, ದೋಷಾನೂ ಅದರ ಬೆನ್ನಿಗೇ ಅಂಟ್ಕೊಂಡಿರುತ್ತೆ. ಅವನಿಗೆ ಅದು ಕಾಣಲ್ಲ. ನೋಡ್ತಾ ಕೂತಿರೋ ನಮಗೆ ಕಾಣುತ್ತೆ. ಎದ್ದು ನಿಂತು ಕೂಗಿಬಿಡೋಣ ಅನ್ಸುತ್ತೆ. ಏನ್ಮಾಡೋದು, ನಾವು ಟಿಕೆಟ್ ತಗೊಂಡು ಕೂತೋರು.”

ಕ್ಲಾಸು ನಕ್ಕಿತು. ನಾನೂ ನಕ್ಕೆ. ಆ ವಯಸ್ಸಿನಲ್ಲಿ ಹೊಸದೊಂದು ಮಾತು ಕಲಿತರೆ ಅದನ್ನು ಎಲ್ಲರ ಮೇಲೂ ಪ್ರಯೋಗ ಮಾಡುವ ಹುಚ್ಚು. ಹಾಸ್ಟೆಲಿನ ಅಡುಗೆಯವಳ ದೋಷ ಬಾಯಿ, ನನ್ನ ರೂಮಿನವಳ ದೋಷ ಕನ್ನಡಿ, ವಾರ್ಡನ್ ಅಮ್ಮನ ದೋಷ ಅನುಮಾನ ಎಂದು ಒಬ್ಬೊಬ್ಬರಿಗೂ ಒಂದೊಂದು ಅಂಟಿಸಿದೆ. ನನ್ನದೇನು ಎಂದು ಮಾತ್ರ ಹುಡುಕಲಿಲ್ಲ. ನಾನು ಟಿಕೆಟ್ ತಗೊಂಡು ಕೂತವಳಲ್ಲವೇ! ಎಲ್ಲರದೂ ಮುಗಿದ ಮೇಲೆ ಅಪ್ಪನ ಸರದಿ ಬಂತು. ಅಪ್ಪನ ದೋಷ ಹಟ ಎಂದು ನಾನು ಒಂದೇ ನಿಮಿಷದಲ್ಲಿ ತೀರ್ಮಾನ ಮಾಡಿದೆ.

ಅಪ್ಪನಿಗೆ ಹೆಸರು ಬಂದದ್ದು ಕಿವಿಯಿಂದ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಟ್ಟು ಒಳಗೇ ಉಂಡೆಯಾಗಿ ಉರುಳಾಡಬೇಕು. ಅವಸರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರುಚೂರಾಗಿ ಬರುತ್ತದೆ, ನಾಲ್ಕು ದಿನಕ್ಕೆ ಬೂಸಲು ಹಿಡಿಯುತ್ತದೆ. ಒಡೆಯದೆ ಒಳಗಿನದು ತಿಳಿಯುವುದು ಹೇಗೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ನೀರು ತುಂಬಾ ಇದ್ದರೆ ಯಾರಿಗಾದರೂ ತಿಳಿಯುತ್ತದೆ. ಕೊನೆಯ ಒಂದು ಚಮಚ ನೀರು ಇದೆಯೋ ಇಂಗಿತೋ ಎನ್ನುವುದು ಎಲ್ಲರ ಕಿವಿಗೂ ಸಿಗುವುದಲ್ಲ.

ಅಪ್ಪನಿಗೆ ಸಿಗುತ್ತಿತ್ತು. ಕಾಯಿಯನ್ನು ಎರಡು ಸಲ ಅಲ್ಲಾಡಿಸಿ, ಕಣ್ಣು ಮುಚ್ಚಿ, “ಇನ್ನೂ ಮಾತಾಡ್ತೈತೆ, ಒಂದು ಅಮಾಸೆ ಕಳೀಲಿ” ಅನ್ನುತ್ತಿದ್ದ. ಇಲ್ಲವೇ, “ಸುಲಿಸ್ರಪ್ಪ” ಅನ್ನುತ್ತಿದ್ದ. ಅಷ್ಟೇ. ತುರುವೇಕೆರೆ ಕಡೆಯ ಎಷ್ಟೋ ಊರುಗಳಿಂದ ಜನ ಬಂದು ಸೈಕಲ್ ಮೇಲೆ ಕರೆದುಕೊಂಡು ಹೋಗಿ, ತಮ್ಮ ಅಟ್ಟ ಹತ್ತಿಸಿ, ಕೆಳಗೆ ನಿಂತು ಅವನ ಬಾಯನ್ನೇ ನೋಡುತ್ತಿದ್ದರು. ಇದಕ್ಕೆ ಅಪ್ಪ ಒಂದು ಲೋಟ ಕಾಫಿಗಿಂತ ಹೆಚ್ಚು ಏನನ್ನೂ ಮುಟ್ಟಿದವನಲ್ಲ. ಗಾಳಿ ನಮ್ಮ ಕಡೆ ಬೀಸಿದರೆ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯ ಸೈರನ್ ಸಣ್ಣಗೆ ಕೇಳುತ್ತಿತ್ತು. ಊರಿಗೆಲ್ಲ ಮೊದಲು ಅದನ್ನು ಕೇಳಿಸಿಕೊಳ್ಳುವವನೂ ಅಪ್ಪನೇ.

ಆ ಕಿವಿ ಬಂದದ್ದು ಅಕ್ಕನಿಗೆ. ನನಗಿಂತ ಐದು ವರ್ಷ ದೊಡ್ಡವಳು. ನಮ್ಮ ಮನೆಯ ಅಟ್ಟಕ್ಕೆ ಒಂದು ಮರದ ಏಣಿ. ಏಣಿಯ ಎದುರಿನ ಗೋಡೆಯ ಮೇಲೆ ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಬೆಳಕು ಬೀಳುತ್ತಿದ್ದದ್ದು ಅಲ್ಲಿ ಮಾತ್ರ. ಹಾಗಾಗಿ ಅಪ್ಪ ಯಾವಾಗಲೂ ಏಣಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ, ಗೋಣಿತಾಟಿನ ಮೇಲೆ ಕೂರುತ್ತಿದ್ದ. ಪಕ್ಕದಲ್ಲಿ ಅಕ್ಕ. ಇಬ್ಬರೂ ಕಾಯಿ ಅಲ್ಲಾಡಿಸಿ, ಒಬ್ಬರ ಮುಖ ಒಬ್ಬರು ನೋಡಿ, ಮಾತೇ ಇಲ್ಲದೆ ಎಡಕ್ಕೋ ಬಲಕ್ಕೋ ಹಾಕುತ್ತಿದ್ದರು. ನಾನೂ ಹತ್ತಿ ಹೋಗಿ ಒಂದು ಕಾಯಿ ಅಲ್ಲಾಡಿಸಿದರೆ, “ನಿಂಗೆ ಗೊತ್ತಾಗಲ್ಲ ಬುಡವ್ವ, ಕೆಳಗೋಗಿ ಓದ್ಕೋ” ಅನ್ನುತ್ತಿದ್ದ ಅಪ್ಪ. ನಾನು ಓದಿಕೊಂಡೆ. ಓದಿದ್ದಕ್ಕೆ ಅದೇ ಕಾರಣ ಅಂದರೆ ಯಾರೂ ನಂಬುವುದಿಲ್ಲ, ಬಿಡಿ.

ಅಕ್ಕನನ್ನು ಚಿಕ್ಕನಾಯಕನಹಳ್ಳಿಯ ಹತ್ತಿರದ ಊರಿಗೆ ಕೊಟ್ಟರು. ಮದುವೆಯಾಗಿ ಎರಡನೆಯ ವರ್ಷ ಅವಳು ಮನೆಗೆ ಬಂದಿದ್ದಾಗ ಸಂಪಿಗೆ ರಸ್ತೆ ರೈಲ್ವೆ ಸ್ಟೇಷನ್ನಿನ ಕಡೆಯ ಒಂದು ಮನೆಯವರು ಅಪ್ಪನನ್ನು ಕರೆಯಲು ಬಂದರು. ಅಕ್ಕ, ನಾನು ಇಬ್ಬರೂ ಜೊತೆಗೆ ಹೋದೆವು. ಅಪ್ಪ ಆ ಮನೆಯ ಅಟ್ಟದಲ್ಲಿ ಐದಾರು ಕಾಯಿ ಅಲ್ಲಾಡಿಸಿ, “ಸುಲಿಸ್ರಪ್ಪ” ಅಂದ. ಅಕ್ಕ ಅದರಲ್ಲೊಂದು ಕಾಯಿ ಎತ್ತಿಕೊಂಡು ಕಿವಿಗೆ ಹಿಡಿದಳು.

“ಅಪ್ಪ, ಒಂದ್ನಿಮಿಷ. ಇದ್ರಲ್ಲಿ ಇನ್ನೂ ನೀರೈತೆ.”

ಕೆಳಗೆ ಆ ಮನೆಯ ಯಜಮಾನರು, ಅವರ ಹೆಂಡತಿ, ಕಾಯಿ ಸುಲಿಯುವ ಇಬ್ಬರು ನಿಂತಿದ್ದರು. ಅಪ್ಪನ ಮುಖ ಕಪ್ಪಿಟ್ಟಿತು. “ಇಳಿ ಕೆಳಗೆ” ಅಂದ. ಯಜಮಾನರು, “ನೀವು ಹೇಳಿದ್ಮೇಲೆ ಮುಗೀತು ಕಣ್ರೀ, ನಾಳೇನೇ ಸುಲಿಸ್ತೀವಿ” ಎಂದು ಸಮಾಧಾನ ಮಾಡಿ ಕಳಿಸಿದರು.

ಮನೆಯ ಜಗಲಿ ಹತ್ತಿದ ಮೇಲೆ ಅಪ್ಪ ಹೇಳಿದ: “ನನ್ ಕಿವಿ ಮ್ಯಾಲೆ ಅನುಮಾನ ಬಂದೋರು ನನ್ನ ಅಟ್ಟ ಹತ್ತಬಾರ್ದು.”

“ಅಟ್ಟ ಯಾಕಪ್ಪ, ಮನೆಗೇ ಬರಲ್ಲ,” ಅಂದಳು ಅಕ್ಕ. “ನೀನಾಗೇ ನಮ್ಮೂರಿಗೆ ಬಂದು, ಬಾ ಮಗಳೆ ಅನ್ನೋವರ್ಗೂ ಬರಲ್ಲ.”

ಸಂಜೆಯ ಬಸ್ಸಿಗೆ ಹೊರಟೇಬಿಟ್ಟಳು. ಅಪ್ಪನ ಮಗಳು, ಇನ್ನೇನು ಮಾಡುತ್ತಾಳೆ!

ಮಾರನೆಯ ದಿನ ಆ ಮನೆಯವರು ಸುಲಿಸಿದರು. ತಿರುಳು ಚಿಪ್ಪಿಗೆ ಅಂಟಿಕೊಂಡಿತ್ತು, ಒಳಗೆ ಹಸಿ. ಒಂದು ವರ್ಷ ಕಾದ ಅಟ್ಟ ಹಾಳಾಯಿತು. ಅಪ್ಪನ ಮೇಲೆ ಅವರು ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. “ಒಳ್ಳೆ ಮಾತು ಬಂದಾಗ ಮಗಳು ಅಡ್ಡಬಾಯಿ ಹಾಕಿದ್ಲು, ಅದಕ್ಕೇ ಹಿಂಗಾಯ್ತು” ಎಂದು ಊರೆಲ್ಲ ಮಾತಾಯಿತು. ಅಪ್ಪ ಅದನ್ನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಆ ಮಾತು ಚಿಕ್ಕನಾಯಕನಹಳ್ಳಿಯವರೆಗೂ ಹೋಗಿ ಅಕ್ಕನ ಕಿವಿಗೆ ಬಿತ್ತು.

ಗೌರಿ ಹಬ್ಬ ಬಂತು. ಕೊಟ್ಟ ಹೆಣ್ಣುಮಗಳನ್ನು ತವರಿನ ಗಂಡಸರು ಹೋಗಿ ಕರೆಯಬೇಕು, ಕರೆಯದೆ ಅವಳು ಬರುವಂತಿಲ್ಲ. ನಮಗೆ ಅಣ್ಣತಮ್ಮಂದಿರಿಲ್ಲ, ಹೋಗಬೇಕಾದವನು ಅಪ್ಪನೇ. ಅಪ್ಪ ಹೋಗಲಿಲ್ಲ. ಅವ್ವ ಅಕ್ಕನ ಮಡಿಲಿಗೆಂದು ಆರಿಸಿಟ್ಟಿದ್ದ ಕೊಬ್ಬರಿ ಉಂಡೆಗಳು ಡಬ್ಬದಲ್ಲೇ ಉಳಿದವು. ಮರುವರ್ಷ ಅವನ್ನು ತೆಗೆದು ಹೊಸವನ್ನು ಹಾಕಿದಳು. ಅದರ ಮರುವರ್ಷವೂ ಅಷ್ಟೆ. ಹಬ್ಬದ ಹಿಂದಿನ ದಿನ ಒಬ್ಬಟ್ಟಿನ ಬೇಳೆ ಬೇಯಿಸುತ್ತ, “ಅವ್ಳಿಗೆ ಕಟ್ಟು ಸಾರು ಅಂದ್ರೆ ಪ್ರಾಣ” ಎಂದು ಒಲೆಗೆ ಹೇಳಿದಂತೆ ಹೇಳುತ್ತಿದ್ದಳು. ನನಗೂ ಅಕ್ಕ ಬೇಕಾಗಿದ್ದಳು. ಅವಳಿಲ್ಲದ ಮನೆಯಲ್ಲಿ ಜಡೆ ಹಾಕಿಸಿಕೊಳ್ಳಲೂ ಬೇಜಾರು.

ಇಂಥ ಹೊತ್ತಿನಲ್ಲೇ ನಾನು ಕಾಲೇಜಿನಲ್ಲಿ ದೋಷದ ಪಾಠ ಕಲಿತದ್ದು. ನನಗೆ ಎಲ್ಲ ನಿಚ್ಚಳವಾಗಿ ಕಂಡುಬಿಟ್ಟಿತು. ಅಪ್ಪನಿಗೆ ಅವನ ಹಟ ಕಾಣುತ್ತಿಲ್ಲ. ಕಾಣಿಸುವವಳು ನಾನು!

ಆಗಸ್ಟಿನ ಒಂದು ಶನಿವಾರ ಹಾಸ್ಟೆಲಿನಿಂದ ಊರಿಗೆ ಬಂದೆ. ಅಪ್ಪ ಬಸ್ಸು ನಿಲ್ಲುವಲ್ಲಿಗೆ ಸೈಕಲ್ ತಂದಿದ್ದ. ನಾನು ಹಿಂದಿನ ಕ್ಯಾರಿಯರ್ ಮೇಲೆ ಕೂತೆ. ಎದುರಿಗೆ ಹೇಳಲು ಧೈರ್ಯವಿರಲಿಲ್ಲ, ಅವನ ಬೆನ್ನಿಗೆ ಹೇಳಿದೆ. ತೋಟದ ದಾರಿಯುದ್ದಕ್ಕೂ ಹೇಳಿದೆ. ದೊಡ್ಡವರಿಗೂ ದೋಷ ಇರುತ್ತದೆ, ಹಟ ಮಾಡಿ ರಾಜರೇ ಹಾಳಾಗಿದ್ದಾರೆ, ಅವ್ವ ಒಲೆ ಮುಂದೆ ಅಳುತ್ತಾಳೆ, ಅಕ್ಕ ತಪ್ಪು ಮಾಡಿಲ್ಲ, ಎಲ್ಲ ಹೇಳಿದೆ. ಅಪ್ಪ ಪೆಡಲ್ ತುಳಿಯುತ್ತ, “ಹ್ಞೂಂ... ಹ್ಞೂಂ...” ಎಂದು ತಲೆ ಆಡಿಸುತ್ತಿದ್ದ.

“ಹಂಗಾದ್ರೆ ಈ ಸಲ ಹಬ್ಬಕ್ಕೆ ನೀನೇ ಕರ್ದೆ ಅಂತ ಅಕ್ಕಂಗೆ ಬರೀಲೇನಪ್ಪ?”

“ಹ್ಞೂಂ ಕಣವ್ವ” ಅಂದ.

ನನ್ನ ಖುಷಿ ಕೇಳಬೇಡಿ. ಒಂದು ಪಾಠದಿಂದ ಒಂದು ಮನೆಯನ್ನೇ ಸರಿ ಮಾಡಿದೆ ಎಂದು ಬೀಗಿದೆ. ಆ ರಾತ್ರಿಯ ಊಟಕ್ಕೆ ಮೊದಲೇ ಇನ್‌ಲ್ಯಾಂಡ್ ಲೆಟರ್ ಬರೆದು ಮುಗಿಸಿದೆ. ಅಪ್ಪ ಒಪ್ಪಿಕೊಂಡಿದ್ದಾನೆ ಅಕ್ಕ, ಕೆಲಸ ಬಿಟ್ಟು ಬರಲಾಗುತ್ತಿಲ್ಲ, ಇದನ್ನೇ ಕರೆ ಅಂದುಕೋ, ಬಾ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅಕ್ಕ ಬಂದಳು. ಕಂಕುಳಲ್ಲಿ ಒಂದೂವರೆ ವರ್ಷದ ಮಗು, ನಾವು ಯಾರೂ ನೋಡಿರದ ಮಗು. ಅವ್ವ ಹಿತ್ತಲಲ್ಲಿದ್ದಳು. ನಾನೇ ಬಾಗಿಲಿಗೆ ಓಡಿದೆ. “ಅಪ್ಪ ಎಲ್ಲಿ?” ಅಂದಳು. ಅಟ್ಟದ ಕಡೆ ಕೈ ತೋರಿಸಿದೆ. ಯಾವ ಅಟ್ಟದ ಮಾತಿಗೆ ಮನೆ ಬಿಟ್ಟಳೋ ಅದರ ಬುಡದಲ್ಲೇ ಎಲ್ಲ ಮುಗಿಯಲಿ ಎಂದು ಅವಳ ಮನಸ್ಸಿನಲ್ಲಿತ್ತೇನೋ, ನೇರ ಏಣಿಯ ಬುಡಕ್ಕೆ ಹೋಗಿ ನಿಂತಳು. ಹತ್ತಬೇಡ ಅಂದಿದ್ದನಲ್ಲ, ಹತ್ತಲಿಲ್ಲ. ಮೇಲೆ ಅಪ್ಪನ ಬೆನ್ನು ಕಾಣುತ್ತಿತ್ತು. ಕಾಯಿ ಅಲ್ಲಾಡಿಸುತ್ತಿದ್ದ.

“ಅಪ್ಪಾ” ಅಂದಳು.

ಅವನು ತಿರುಗಲಿಲ್ಲ.

“ಅಪ್ಪಾ, ನಾನು ಬಂದಿದೀನಿ.”

ಒಂದು ಕಾಯಿಯನ್ನು ಎಡಕ್ಕೆ ಹಾಕಿ ಇನ್ನೊಂದನ್ನು ಎತ್ತಿಕೊಂಡ. ಮೂರನೆಯ ಸಲ ಅವಳ ದನಿ ಒಡೆಯಿತು. “ಅಪ್ಪಾ!” ಮಗು ಬೆಚ್ಚಿ ಅಳಲು ಶುರುಮಾಡಿತು. ಅಪ್ಪ ಕಾಯಿಯನ್ನು ಕಿವಿಗೆ ಹಿಡಿದು, ಅಲ್ಲಾಡಿಸಿ, ಬಲಕ್ಕೆ ಹಾಕಿದ.

ಅಕ್ಕ ನನ್ನ ಕಡೆ ನೋಡಿದಳು. ಆಗ ನಾನು ಹೇಳಿದ ಮಾತು ಇದು, ಸಾಯುವವರೆಗೂ ಮರೆಯುವುದಿಲ್ಲ: “ಬುಡಕ್ಕ, ಅವ್ನ ಹಟ ನಿಂಗೊತ್ತಿಲ್ವಾ? ಅದೇ ಅವ್ನ ದೋಷ.” ಒಂದು ಪುಸ್ತಕ ಓದಿದವಳ ಗತ್ತಿನಲ್ಲಿ ಹೇಳಿದೆ. ಏಣಿಯ ನಾಲ್ಕು ಮೆಟ್ಟಿಲು ಹತ್ತಿ ಅವನ ಹೆಗಲು ಮುಟ್ಟಿದ್ದರೆ ಮುಗಿಯುತ್ತಿತ್ತು. ನಾಲ್ಕೇ ಮೆಟ್ಟಿಲು. ಅಕ್ಕ ತಂದಿದ್ದ ಹೂವಿನ ಪೊಟ್ಟಣವನ್ನು ಏಣಿಯ ಮೊದಲ ಮೆಟ್ಟಿಲ ಮೇಲಿಟ್ಟು ಹೊರಟಳು. ಅವ್ವ ಹಿತ್ತಲಿಂದ ಓಡಿ ಬರುವಷ್ಟರಲ್ಲಿ ಅವಳು ತೋಟದ ತಿರುವು ದಾಟಿದ್ದಳು.

ಅಪ್ಪ ಕೆಳಗಿಳಿದು ಬಂದಾಗ ಅವ್ವ ನೆಲಕ್ಕೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. “ಮೂರ್ ಸಲ ಕೂಗಿದ್ಲಂತಲ್ರೀ! ಕಲ್ಲಾಗೋದ್ರೇನ್ರೀ ನೀವು? ಮೊಮ್ಮಗಾನೂ ಕಾಣ್ಸ್ಲಿಲ್ವಾ?” ಅಪ್ಪ ಅವಳ ಬಾಯನ್ನು ನೋಡಿದ, ನನ್ನನ್ನು ನೋಡಿದ, ಮೆಟ್ಟಿಲ ಮೇಲಿನ ಹೂವನ್ನು ನೋಡಿದ. ಅವನ ಮುಖದಲ್ಲಿ ಏನೋ ಕುಸಿದದ್ದನ್ನು ನಾನು ಕಂಡೆ. ಆಮೇಲೆ ನಿಧಾನಕ್ಕೆ ಅಂದ: “ಕೇಳ್ಸ್ತು. ಬೇಕಂತ್ಲೇ ತಿರುಗ್ಲಿಲ್ಲ.”

ಮತ್ತೆ ಅಟ್ಟ ಹತ್ತಿದ. ಸ್ವಲ್ಪ ಹೊತ್ತಿಗೆ ನಾನು ಕಾಫಿ ತೆಗೆದುಕೊಂಡು ಹೋದೆ. ಜಗಳವಾಡಬೇಕೆಂದೇ ಹೋಗಿದ್ದೆ. ಅವನು ಕಾಯಿ ಮುಟ್ಟದೆ ಸುಮ್ಮನೆ ಕೂತಿದ್ದ. ಏನೂ ತೋಚದೆ, ಅವನು ಒಣಗಿದೆ ಎಂದು ಬಲಕ್ಕೆ ಹಾಕಿದ್ದ ರಾಶಿಯಿಂದ ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಒಳಗೆ ನೀರು ಗಳಗಳ ಅಂದಿತು. ನನ್ನಂಥವಳ ಕಿವಿಗೂ ಕೇಳುವಷ್ಟು. ಇನ್ನೊಂದು ಎತ್ತಿದೆ. ನೀರು. ಇನ್ನೊಂದು. ನೀರು. ಈಗೀಗ ಗಾಳಿ ತಿರುಗಿದೆ, ಸೈರನ್ ಈ ಕಡೆ ಬರುತ್ತಿಲ್ಲ ಎಂದು ಅವನು ಎರಡು ವರ್ಷದಿಂದ ಹೇಳುತ್ತಿದ್ದದ್ದು, ಮಾತಾಡುವಾಗ ಬಾಯನ್ನೇ ನೋಡುತ್ತಿದ್ದದ್ದು, ಸೈಕಲ್ಲಿನ ಮೇಲೆ “ಹ್ಞೂಂ” ಅಂದದ್ದು ಎಲ್ಲ ಒಟ್ಟಿಗೆ ನೆನಪಾಯಿತು. ನಮ್ಮ ಮನೆಯಲ್ಲಿ ಎಲ್ಲರದೂ ಗಂಟಲು ಜೋರು, ಅಪ್ಪನದು ಮೊದಲಿಂದ ಕಡಿಮೆ ಮಾತು. ಯಾರಿಗೆ ತಾನೇ ಗೊತ್ತಾಗಬೇಕು?

“ಅಪ್ಪ, ನಿಂಗೆ ಕೇಳ್ಸಲ್ವಾ?” ಅಂದೆ, ಅವನ ಮುಖಕ್ಕೆ ಎದುರಾಗಿ.

ಅವನು ನನ್ನ ಎರಡೂ ಕೈ ಹಿಡಿದುಕೊಂಡ. “ಹೇಳ್ಬ್ಯಾಡ ಕಣವ್ವ. ಈ ಸೀಮೇಲಿ ನಾನು ಅಂದ್ರೆ ಈ ಕಿವಿ. ಇದೂ ಹೋಯ್ತು ಅಂದ್ರೆ ಇನ್ನೇನೈತೆ ನಂದು? ಹಟಮಾರಿ ಅನ್ನಲಿ, ಕಿವುಡ ಅನ್ನೋದು ಬ್ಯಾಡ.”

“ಅಕ್ಕಂಗಾದ್ರೂ ಹೇಳ್ತೀನಪ್ಪ.”

“ಅವ್ಳಿಗೆ ಮೊದ್ಲೇ ಬ್ಯಾಡ. ಅವತ್ತು ಅವ್ಳು ಹೇಳಿದ್ದೇ ಸರಿ ಅಂತಾಗ್ತೈತೆ.” ನನ್ನ ಕೈ ಬಿಡದೆ, “ನಾನೇ ಒಂದಿನ ಹೇಳ್ತೀನಿ ಬುಡು” ಅಂದ.

ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಇನ್ನು ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಬೇಕು. ಆಮೇಲಿನ ಒಂದೂವರೆ ವರ್ಷ ನನ್ನ ಬದುಕಿನ ಅತ್ಯಂತ ಸುಖದ ಕಾಲ. ಪ್ರತಿ ಶನಿವಾರ ತಿಪಟೂರಿನಿಂದ ಓಡಿ ಬರುತ್ತಿದ್ದೆ. ಭಾನುವಾರ ಬೆಳಗ್ಗೆ ಅಪ್ಪನೂ ನಾನೂ ಅಟ್ಟದಲ್ಲಿ. ನಾನು ಅವನ ಪಕ್ಕದಲ್ಲಿ ಕೂತು ಕಾಯಿ ಅಲ್ಲಾಡಿಸಿ, ನೀರಿದ್ದರೆ ಒಂದು ಬೆರಳಿನಿಂದ, ಇಂಗಿದ್ದರೆ ಎರಡು ಬೆರಳಿನಿಂದ ಅವನ ಮೊಣಕೈ ತಟ್ಟುತ್ತಿದ್ದೆ. ಕಷ್ಟಪಟ್ಟು ಕಿವಿ ಪಳಗಿಸಿಕೊಂಡೆ. ಬೇರೆಯವರ ಮನೆಗೆ ಕರೆದರೂ ಭಾನುವಾರವೇ ಬರುತ್ತೇನೆ ಅನ್ನುತ್ತಿದ್ದ, ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ನಾನು ತಟ್ಟುತ್ತಿದ್ದೆ, ಅವನು “ಸುಲಿಸ್ರಪ್ಪ” ಅನ್ನುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ. ಅಪ್ಪನ ಹೆಸರು ನೆಟ್ಟಗೆ ನಿಂತಿತು. “ನೀನೂ ಕಲ್ತುಬುಟ್ಟೆ ಕಣವ್ವ” ಎಂದು ಒಂದು ಸಲ ಅಂದ. ಆ ಮಾತಿಗಾಗಿ ನಾನು ಹದಿನೈದು ವರ್ಷ ಏಣಿಯ ಕೆಳಗೆ ಕಾದಿದ್ದೆ.

ಅಕ್ಕನಿಗೆ ಯಾಕೆ ಬರೆಯಲಿಲ್ಲ? ಮಾತು ಕೊಟ್ಟಿದ್ದೆ, ನಿಜ. ಆದರೆ ಅದಷ್ಟೇ ಅಲ್ಲ. ಅಕ್ಕನಿಗೆ ನಿಜ ಗೊತ್ತಾದರೆ ಅವಳು ಅವತ್ತೇ ಓಡಿ ಬರುತ್ತಾಳೆ. ಬಂದರೆ ಆ ಗೋಣಿತಾಟಿನ ಮೇಲಿನ ಜಾಗ ಅವಳದು. ನಾನು ಮತ್ತೆ ಕೆಳಗಿಳಿದು ಓದಿಕೊಳ್ಳಬೇಕು. ಇದನ್ನು ನಾನು ಅವತ್ತು ಇಷ್ಟು ಸ್ಪಷ್ಟವಾಗಿ ಯೋಚಿಸಲಿಲ್ಲ, ಯೋಚಿಸದ ಹಾಗೆ ನೋಡಿಕೊಂಡೆ. ಎಲ್ಲರ ದೋಷ ಹುಡುಕಿದವಳಿಗೆ ತನ್ನದು ಕಂಡದ್ದು ಹೀಗೆ, ಎಲ್ಲ ಮುಗಿದ ಮೇಲೆ.

ಆ ಕಾಲದ ಒಂದು ಸಣ್ಣ ವಿಷಯ. ಹಬ್ಬದ ಆ ದಿನದ ನಂತರ ಅಪ್ಪ ಅಟ್ಟದಲ್ಲಿ ಗೋಣಿತಾಟನ್ನು ತಿರುಗಿಸಿ ಹಾಕಿಕೊಂಡ. ಗೋಡೆಗೆ ಬೆನ್ನು, ಏಣಿಗೆ ಮುಖ. ಗಾಜಿನ ಹೆಂಚಿನ ಬೆಳಕು ಬೆನ್ನ ಹಿಂದೆ ಹೋಗಿ, ಕೈಯಲ್ಲಿನ ಕಾಯಿ ಅರೆಬರೆ ಕಾಣುತ್ತಿತ್ತು. ನಾನು ಹತ್ತಿ ಬರುವುದು ಕಾಣಲಿ ಎಂದು ಹಾಗೆ ಮಾಡಿದ್ದಾನೆ ಅಂದುಕೊಂಡು ಖುಷಿಪಟ್ಟಿದ್ದೆ.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ಒಂದು ಗುರುವಾರ, ಕ್ಲಾಸಿನಿಂದ ಕರೆಸಿ ಹೇಳಿದರು. ತೋಟದಲ್ಲಿ ಕಾಯಿ ಕೀಳಿಸುವಾಗ ಗೊನೆ ಅಪ್ಪನ ತಲೆಯ ಮೇಲೆ ಬಿದ್ದಿತ್ತು. ನಮ್ಮ ಸೀಮೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಮರದ ಮೇಲಿಂದ ಕೂಗು ಬಂದರೆ ಮುಖ ಎತ್ತದೆ ಪಕ್ಕಕ್ಕೆ ಓಡಬೇಕು. ನಾನು ಊರು ಮುಟ್ಟುವಷ್ಟರಲ್ಲಿ ಅಪ್ಪನನ್ನು ಜಗಲಿಯ ಮೇಲೆ ಕೂರಿಸಿ ವಿಭೂತಿ ಹಚ್ಚಿದ್ದರು.

ಅಕ್ಕ ಬಂದಳು. ಕರೆಯದೆ ಬಂದಳು. ಅವಳು ಅಳಲಿಲ್ಲ, ಅಪ್ಪನ ಮುಖವನ್ನು ನೋಡುತ್ತ ನಿಂತಳು. ಆಗ ಮರ ಹತ್ತಿದ್ದವನು, ವರ್ಷಗಳಿಂದ ನಮ್ಮ ತೋಟದಲ್ಲೇ ಕಾಯಿ ಕೀಳುತ್ತಿದ್ದವನು, ಅವಳ ಕಾಲ ಹತ್ತಿರ ಕುಸಿದು ಕೂತ.

“ಮೂರ್ ಸಲ ಕೂಗ್ದೆ ಕಣವ್ವ! ಗೊನೆ ಬುಡ್ತೀನಿ, ಸರ್ಕೊಳ್ರೀ ಯಜಮಾನ್ರೇ ಅಂತ ಮೂರ್ ಸಲ. ಅವ್ರು ತಿರುಗ್ಲಿಲ್ಲ. ಕೇಳ್ಸ್ಕೊಂಡಿರ್ತಾರೆ, ಅವ್ರ ಕಿವಿಗೆ ಕೇಳ್ಸದೆ ಇರೋದುಂಟಾ, ಸರ್ಕೊತಾರೆ ಅಂತ ಕಡ್ದುಬುಟ್ಟೆ.”

ಅಕ್ಕ ತಲೆ ಎತ್ತಿ ಸುತ್ತ ನೋಡಿದಳು, ಅವಳ ನೋಟ ನನ್ನ ಮುಖಕ್ಕೆ ಬಂದು ನಿಂತಿತು. ನಾನು ಕಣ್ಣು ತಗ್ಗಿಸಿದೆ. ಅವಳಿಗೆ ಅಷ್ಟು ಸಾಕಾಯಿತು.

ಮಣ್ಣು ಮಾಡಿ ಬಂದ ಮಾರನೆಯ ಬೆಳಗ್ಗೆ ಅವಳು ನನ್ನ ಕೈ ಹಿಡಿದು ಏಣಿಯ ಹತ್ತಿರ ಕರೆದುಕೊಂಡು ಹೋದಳು.

“ಅವತ್ತೂ ಕೇಳ್ಸಿರ್ಲಿಲ್ವೇನೆ?”

“ಇಲ್ಲ.”

“ನಿಂಗ್ ಯಾವಾಗ್ ಗೊತ್ತಾಯ್ತು?”

“ಅವತ್ತೇ. ನೀನು ಹೋದ್ಮೇಲೆ.”

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಸುಳ್ಳು ಕಾಗದ ಬರಿಯಾಕೆ ಬಂತು, ನಿಜದ್ದು ಒಂದು ಬರಿಯಾಕೆ ಬರ್ಲಿಲ್ವಲ್ಲೇ ನಿಂಗೆ” ಅಂದಳು. ಹಾಗೆಂದು ಏಣಿ ಹತ್ತಿದಳು. ನಾನು ಹಿಂದೆ ಹತ್ತಿದೆ. ಗೋಣಿತಾಟು ಅಪ್ಪ ಬಿಟ್ಟುಹೋದ ಹಾಗೇ ಇತ್ತು.

“ಇದ್ಯಾಕೆ ಹಿಂಗ್ ತಿರುಗಿ ಬಿದ್ದೈತೆ? ಅಪ್ಪ ಬೆಳಕಿನ ಕಡೆ ತಾನೇ ಕೂರ್ತಿದ್ದದ್ದು?”

“ಆ ಹಬ್ಬ ಆದ್ಮೇಲೆ ಏಣಿ ಕಡೆ ಮುಖ ಮಾಡ್ಕೊಂಡು ಕೂರ್ತಿದ್ದ. ನಾನು ಹತ್ತಿ ಬರೋದು ಕಾಣ್ಲಿ ಅಂತ...” ಅನ್ನುತ್ತ ನಿಂತುಬಿಟ್ಟೆ. ನಾನು ಬರುತ್ತಿದ್ದದ್ದು ಭಾನುವಾರ ಒಂದೇ ದಿನ. ವಾರದ ಉಳಿದ ಆರು ದಿನವೂ ಅವನು ಹಾಗೇ ಕೂರುತ್ತಿದ್ದ ಎಂದು ಅವ್ವ ಬೈಯುತ್ತಿದ್ದಳು. ಭಾನುವಾರ ನಾನು ಪಕ್ಕದಲ್ಲೇ ಕೂತಿದ್ದಾಗಲೂ ಅವನ ಕಣ್ಣು ಏಣಿಯ ಮೇಲೇ ಇರುತ್ತಿತ್ತು. ಕೂಗಿದರೆ ಕೇಳಿಸುವುದಿಲ್ಲ, ಬಂದರೆ ಕಾಣಲಿ ಎಂದು ಅವನು ಕಾದದ್ದು ನನ್ನನ್ನಲ್ಲ.

ಅಕ್ಕನಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಆ ಗೋಣಿತಾಟಿನ ಮೇಲೆ, ಅಪ್ಪ ಕೂರುತ್ತಿದ್ದ ಹಾಗೇ ಏಣಿಗೆ ಮುಖ ಮಾಡಿ ಕೂತಳು.

“ಕೆಳಗಿಳಿ,” ಅಂದಳು. “ಅವತ್ತು ನಾನು ನಿಂತಿದ್ದ ಜಾಗದಲ್ಲಿ ನಿಂತ್ಕೊ. ಅಪ್ಪಾ ಅಂತ ಕೂ‌ಗು.”

“ಅಕ್ಕ, ಬ್ಯಾಡ ಕಣೇ.”

“ಕೂಗು ಅಂದೆ.”

ಇಳಿದೆ. ಮೊದಲ ಮೆಟ್ಟಿಲಿನ ಹತ್ತಿರ ನಿಂತು “ಅಪ್ಪಾ” ಅಂದೆ. ಎರಡನೆಯ ಸಲ ಕೂಗಿದೆ. ಮೂರನೆಯ ಸಲ ದನಿ ಅರ್ಧ ಮಾತ್ರ ಹೊರಟಿತು.

ಮೇಲೆ ಅಕ್ಕ ಮುಖ ಮುಚ್ಚಿಕೊಂಡಿದ್ದಳು.

“ಕೇಳ್ಸ್ತೈತೆ ಕಣೇ,” ಅಂದಳು. “ಎಷ್ಟ್ ಚೆನ್ನಾಗ್ ಕೇಳ್ಸ್ತೈತೆ.”